ಊರಿಗೆ ಎಂಎಸ್‌ಐಎಲ್ ಮದ್ಯದಂಗಡಿ ಬಂದರೆ ಗೂಡಂಗಡಿ ಮಾರಾಟ ನಿಲ್ಲುತ್ತಾ?

ಹಿರಿಯೂರು ಕಡೆಯವಳು:
ಹಿರಿಯೂರು ತಾಲೂಕಿನ ಸಣ್ಣ ಊರು ನಮ್ಮದು. ಲೈಸೆನ್ಸ್ ಇರುವ ಒಂದು ಅಂಗಡಿಯೂ ಇಲ್ಲ. ಆದರೆ ಎಣ್ಣೆ ಸಿಗದ ಹೊತ್ತೇ ಇಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಶಾಂಪೂ ಪೊಟ್ಟಣದ ಸರ ತೂಗಾಡ್ತಿರುತ್ತೆ, ಅದರ ಹಿಂದೆ 90 ಎಂಎಲ್ ಟೆಟ್ರಾ ಪ್ಯಾಕ್. ಎಂಆರ್‌ಪಿ ಮೇಲೆ 20 ರೂಪಾಯಿ ಜಾಸ್ತಿ. ಬೆಳಗ್ಗೆ ಆರಕ್ಕೇ ಶುರು. ಕೂಲಿಗೆ ಹೊರಟವರು ಅಲ್ಲೇ ಒಂದು ಹಾಕ್ಕೊಂಡು ಹೋಗ್ತಾರೆ. 2007ರಲ್ಲಿ ಸಾರಾಯಿ ನಿಂತಾಗ ನಮ್ಮ ಅವ್ವ ದೇವರಿಗೆ ಕಾಯಿ ಒಡೆಸಿದ್ದಳು.

ಈಗ ಎಂಎಸ್‌ಐಎಲ್ ಅಂಗಡಿ ಬರುತ್ತೆ ಅನ್ನೋ ಮಾತಿದೆ. "ಸರ್ಕಾರದ್ದೇ ಅಂಗಡಿ, ಎಂಆರ್‌ಪಿಗೇ ಸಿಗುತ್ತೆ, ಗೂಡಂಗಡಿ ತಾನಾಗೇ ಮುಚ್ಚುತ್ತೆ" ಅಂತ ಪಂಚಾಯ್ತಿ ಮೆಂಬರ್ ಹೇಳ್ತಾರೆ. ನಮ್ಮ ಸಂಘದ ಹೆಂಗಸರು ಬೇಡವೇ ಬೇಡ ಅಂತಾರೆ. ಗ್ರಾಮಸಭೆ ಹತ್ತಿರ ಬಂತು. ಮೆಂಬರ್ ಮಾತು ನಿಜವಾ? ಈ ವ್ಯವಹಾರ ಒಳಗಿನಿಂದ ಗೊತ್ತಿರುವವರು ಹೇಳಿ.

ವೈನ್‌ಶಾಪ್ ಕ್ಯಾಶಿಯರ್:
ಅಕ್ಕ, ಖಾಸಗಿ ಸಿಎಲ್-2 (ಚಿಲ್ಲರೆ ಮದ್ಯ ಮಾರೋ ಲೈಸೆನ್ಸ್) ಅಂಗಡಿಯ ಗಲ್ಲಾದಲ್ಲಿ ಬಹಳ ವರ್ಷ ಕೂತವನು ನಾನು. ಗೂಡಂಗಡಿ ಮಾರಾಟ ನಿಲ್ಲಲ್ಲ.

ಮೊದಲು ಮಾಲು ಎಲ್ಲಿಂದ ಬರುತ್ತೆ ನೋಡಿ. 2003ರಿಂದ ರಾಜ್ಯದ ಸಗಟು ಮದ್ಯವೆಲ್ಲ ಕೆಎಸ್‌ಬಿಸಿಎಲ್ ಅನ್ನೋ ಸರ್ಕಾರಿ ನಿಗಮದ ಡಿಪೋ ಮೂಲಕವೇ ಬರಬೇಕು. ಅಂಗಡಿಯವರು ಇಂಡೆಂಟ್ ಹಾಕಿ, ದುಡ್ಡು ಕಟ್ಟಿ, ಡಿಪೋದಿಂದ ಎತ್ತಬೇಕು. ಎಂಎಸ್‌ಐಎಲ್ ಆದರೂ ಅಷ್ಟೇ, ಖಾಸಗಿ ಆದರೂ ಅಷ್ಟೇ. ಅದೇ ಮಾಲು, ಅದೇ ಎಂಆರ್‌ಪಿ. 1992ರಿಂದ ಹೊಸ ಸಿಎಲ್-2 ಕೊಡೋದು ನಿಲ್ಲಿಸಿದ್ದರು. ಅದಕ್ಕೇ ಹೊಸ ಅಂಗಡಿ ಅಂದರೆ ಹೆಚ್ಚಾಗಿ ಎಂಎಸ್‌ಐಎಲ್ ಹೆಸರಲ್ಲಿ, ಸಿಎಲ್-11ಸಿ ಲೈಸೆನ್ಸಲ್ಲಿ ಬರುತ್ತೆ. ಎರಡರಲ್ಲೂ ಪಾರ್ಸೆಲ್ ಮಾತ್ರ, ಕೂತು ಕುಡಿಯೋ ಹಾಗಿಲ್ಲ.

ಗೂಡಂಗಡಿಯವನಿಗೆ ಡಿಪೋ ಕೊಡಲ್ಲ. ಅವನು ತರೋದು ಲೈಸೆನ್ಸ್ ಇರುವ ಅಂಗಡಿಯಿಂದಲೇ. ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಸಂಜೆ ಟಿವಿಎಸ್ ಎಕ್ಸೆಲ್ ಬಂದು ನಿಲ್ಲುತ್ತೆ. ಮುಂದೆ ಗೊಬ್ಬರದ ಖಾಲಿ ಚೀಲ. ಅದರೊಳಗೆ ಬಾಕ್ಸ್ ಇಳಿಸಿ, ಮೇಲೆ ಎರಡು ಹಿಡಿ ಹಸಿ ಹುಲ್ಲು ಹಾಕಿ ಕಟ್ಟುತ್ತಾರೆ. ಒಂದು ಬಾಕ್ಸಲ್ಲಿ 90 ಎಂಎಲ್‌ನ 96 ಪ್ಯಾಕ್. ನಿಮ್ಮೂರ ಲೆಕ್ಕದಲ್ಲಿ ತಲಾ 20 ರೂಪಾಯಿ ಅಂದರೆ ಬಾಕ್ಸಿಗೆ 1,920 ರೂಪಾಯಿ ಲಾಭ. ಅಂಗಡಿ ಊರೊಳಗೇ ಬಂದರೆ ಅವನಿಗೆ ಪೆಟ್ರೋಲ್ ಖರ್ಚೂ ಉಳಿಯುತ್ತೆ. ಬೆಳಗ್ಗೆ ಆರಕ್ಕೆ ಯಾವ ಲೈಸೆನ್ಸ್ ಅಂಗಡಿಯೂ ತೆಗೆದಿರಲ್ಲ. ಆ ಹೊತ್ತಿನ ವ್ಯಾಪಾರ, ಸಾಲದ ವ್ಯಾಪಾರ ಎರಡೂ ಅವನ ಕೈಲೇ ಇರುತ್ತೆ.

ಅಕ್ಕಲಕೋಟೆ ಕನ್ನಡಿಗ:
ಅಕ್ಕಾರೆ, ನಮ್ಮ ಮಹಾರಾಷ್ಟ್ರದಲ್ಲಿ ಹೆಂಗಸರು ಕೇಳಿದರೆ ಮತದಾನ ನಡೆಸಬೇಕು ಅಂತ ನಿಯಮ ಇದೆ. ಚೀಟಿಯಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಜಾಸ್ತಿ ಮತದಾರರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಕರ್ನಾಟಕದಲ್ಲಿ ಇಂಥ ಮತದಾನ ಇಲ್ಲ. 2019ರ ಜನವರಿಯಲ್ಲಿ ನಿಮ್ಮ ಚಿತ್ರದುರ್ಗದಿಂದಲೇ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಬೆಂಗಳೂರಿಗೆ ನಡೆದು ಹೋದರು. ಅಷ್ಟು ನಡೆದವರಿಗೆ ಒಂದು ಚೀಟಿಯ ಹಕ್ಕಾದರೂ ಸಿಗಬೇಕಿತ್ತು.

ಸ್ಟಾಕ್‌ಹೋಮ್‌ನಿಂದ:
ಇಲ್ಲಿ ಸ್ವೀಡನ್ನಿನಲ್ಲೂ ಸರ್ಕಾರದ್ದೇ ಅಂಗಡಿ, ಸಿಸ್ಟೆಮ್‌ಬೊಲಾಗೆಟ್ ಅಂತ. 3.5 ಪರ್ಸೆಂಟ್‌ಗಿಂತ ಸ್ಟ್ರಾಂಗ್ ಇರೋದನ್ನು ಮನೆಗೆ ಒಯ್ಯಬೇಕಾದರೆ ಹೆಚ್ಚುಕಮ್ಮಿ ಅದೊಂದೇ ದಾರಿ. 20 ವರ್ಷ ತುಂಬಿರಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು, ಭಾನುವಾರ ರಜೆ. ಜಾಸ್ತಿ ಕೊಂಡರೆ ಕಡಿಮೆ ಬೆಲೆ ಅನ್ನೋದು ಇಲ್ಲವೇ ಇಲ್ಲ. ಕುಡಿತದಿಂದ ಆಗುವ ಹಾನಿ ಕಡಿಮೆ ಮಾಡೋದಕ್ಕೇ ಆ ಅಂಗಡಿ ಇರೋದು. ನಮ್ಮ ಕರ್ನಾಟಕದಲ್ಲಿ 2025-26ರ ಬಜೆಟ್‌ನಲ್ಲಿ ಅಬಕಾರಿ ಆದಾಯಕ್ಕೆ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ದರು. ಸರ್ಕಾರದ್ದು ಅನ್ನೋ ಬೋರ್ಡ್ ಎರಡೂ ಕಡೆ ಇದೆ, ಕೆಲಸ ಬೇರೆ ಬೇರೆ.

ಹಿರಿಯೂರು ಕಡೆಯವಳು:
ಎಲ್ಲರಿಗೂ ವಂದನೆ. ಚೀಲದ ವಿಷಯ ಓದಿ ಹೊಟ್ಟೆ ಉರಿಯಿತು, ನಮ್ಮೂರಲ್ಲೂ ಹುಲ್ಲಿನ ಚೀಲ ದಿನಾ ಬರುತ್ತೆ. ಕ್ಯಾಶಿಯರ್ ಅಣ್ಣ, ಒಬ್ಬನಿಗೆ ಬಾಕ್ಸ್‌ಗಟ್ಟಲೆ ಕೊಡಬಹುದಾ? ಇನ್ನೊಂದು, ಎಂಎಸ್‌ಐಎಲ್ ಅಂಗಡಿಗೆ ಅಂತ ನೋಡಿರೋ ಮಳಿಗೆ ಹೈಸ್ಕೂಲಿಗೆ ತೀರಾ ಹತ್ತಿರ.

ವೈನ್‌ಶಾಪ್ ಕ್ಯಾಶಿಯರ್:
ಕೊಡೋ ಹಾಗಿಲ್ಲ. ಬಿಯರ್, ವೈನ್ ಬಿಟ್ಟು ಬೇರೆ ಮದ್ಯ ಒಬ್ಬರ ಹತ್ತಿರ 2.3 ಲೀಟರ್‌ಗಿಂತ ಜಾಸ್ತಿ ಇರಬಾರದು. ಅಂದರೆ 90ರ ಪ್ಯಾಕ್ 25. ಒಂದು ಬಾಕ್ಸ್ ಅಂದರೆ 8.64 ಲೀಟರ್. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಇಡಬಾರದು ಅಂತಲೂ ನಿಯಮ ಇದೆ. ಗ್ರಾಮಸಭೆಗೆ ಟೇಪ್ ಹಿಡಿದು ಅಳೆದುಕೊಂಡೇ ಹೋಗಿ. ಗೂಡಂಗಡಿ ಮೇಲೆ ತಾಲೂಕು ಅಬಕಾರಿ ಇನ್‌ಸ್ಪೆಕ್ಟರ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಚೀಲ ಎಷ್ಟು ಹೊತ್ತಿಗೆ ಬರುತ್ತೆ, ಯಾವ ದಿಕ್ಕಿನಿಂದ ಬರುತ್ತೆ ಅಂತ ಅದರಲ್ಲಿ ಬರೆಯಿರಿ. ಸಂಘದವರೆಲ್ಲ ಸಹಿ ಹಾಕಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.