ಮರುಭೂಮಿ ಹೂವಿನ ಕೌದಿ: ಕೈಹೊಲಿಗೆಯೋ ಮಷಿನ್ನೋ? ಮಾಡಿದವರು ಹೇಳಿ

ಸರಸ್ವತಿಪುರಂ ಅಜ್ಜಿ:
ಮಗಳ ಮನೆಗೆಂದು ಅರಿಜೋನಾದ ಟೂಸಾನ್‌ಗೆ ಹೋಗಿದ್ದೆ. ಮರುಭೂಮಿ ಅಂದರೆ ಬರೀ ಮರಳು ಅಂದುಕೊಂಡಿದ್ದವಳು ನಾನು. ಮಾರ್ಚ್‌ನಲ್ಲಿ ಪಿಕಾಚೊ ಪೀಕ್ ಅನ್ನೋ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದರು. ಇಳಿಜಾರೆಲ್ಲ ಕಿತ್ತಳೆ-ಹಳದಿ ಪಾಪಿ ಹೂ, ನಡುನಡುವೆ ನೀಲಿ ಲೂಪಿನ್. ಚಳಿಗಾಲದ ಮಳೆ ಚೆನ್ನಾಗಿ ಬಿದ್ದ ವರ್ಷ ಮಾತ್ರ ಹೀಗಂತೆ. ಇಲ್ಲದಿದ್ದರೆ ಬೀಜ ಮಣ್ಣಲ್ಲೇ ಕಾದು ಕೂತಿರುತ್ತಂತೆ. ಮೊಮ್ಮಗಳಿಗೆ ಅದನ್ನೇ ಕೌದಿ ಮಾಡಿ ಕೊಡೋ ಆಸೆ. 4 ಅಡಿಗೆ 5 ಅಡಿ. ಹೂ ಕತ್ತರಿಸಿ ಮೇಲೆ ಅಂಟಿಸಿದ ಹಾಗೆ ಹೊಲಿಯಬೇಕು ಅಂತಿದ್ದೇನೆ. ಕೈಯಲ್ಲೋ, ಮಷಿನ್ನಲ್ಲೋ? ದಸರೆಗೆ ಮಗಳು ಬರ್ತಾಳೆ, ಅಷ್ಟರಲ್ಲಿ ಮುಗಿಯಬೇಕು.

ಸೂಜಿಮಲ್ಲಿಗೆ:
ಕೈಹೊಲಿಗೆ. ಬೇರೆ ಮಾತೇ ಇಲ್ಲ. ನಾನು 2019ರಲ್ಲಿ ಶುರು ಮಾಡಿದ್ದು, ಮುಗಿಸೋಕೆ 14 ತಿಂಗಳು ಹಿಡಿಯಿತು. ಲೆಕ್ಕ ಇನ್ನೂ ಡೈರಿಯಲ್ಲಿದೆ. ಮೇಲಿನ ಬಟ್ಟೆ 6 ಮೀಟರ್, ಮೀಟರಿಗೆ 160ರಂತೆ 960. ಅಸ್ತರು 4 ಮೀಟರ್, 560. ಒಳಗಿನ ಹತ್ತಿ ಶೀಟು 1,150. ದಾರ 14 ಉಂಡೆ, 490. ಸೂಜಿ 60. ನಡುವೆ ಕನ್ನಡಕದ ನಂಬರ್ ಬದಲಾಯಿತು, ಅದು 2,800. ಒಟ್ಟು 6,020.

ನನ್ನದು ಗೌರಿ ಹೂ. ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ತಿರ ಬೇಲಿಗೆ ಹಬ್ಬಿರುತ್ತಲ್ಲ, ತುದಿ ಕೆಂಪು, ಬುಡ ಹಳದಿ, ಅದೇ. ಬಿಳಿ ಬಟ್ಟೆ ಮೇಲೆ 32 ಹೂ. ಮೊದಲ ಸಲ ಒಗೆದಾಗ ಕೆಂಪು ಬಿಟ್ಟಿತು. ಅಂಗಡಿಯವರು ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂದಿದ್ದರು. ಎರಡು ರಾತ್ರಿ ನೆನೆಸಿದ್ದೆ, ನಿಲ್ಲಲಿಲ್ಲ. ಬಕೆಟ್ ನೋಡಿ ಅತ್ತೇಬಿಟ್ಟೆ. ಈಗ ಯಾರಾದರೂ ಕೇಳಿದರೆ ಸಂಜೆ ಬಣ್ಣ ಅಂತೀನಿ.

ಮದ್ದೂರು ಸೊಸೆ:
14 ತಿಂಗಳಾ? ಅಜ್ಜಿ ದಸರಾಗೆ ಕೇಳ್ತಿದ್ದಾರೆ ಕಣ್ರೀ. ಮತ್ತೆ ಕನ್ನಡಕದ ದುಡ್ಡನ್ನ ಕೌದಿ ಲೆಕ್ಕಕ್ಕೆ ಯಾಕೆ ಹಾಕ್ತೀರಾ?

ನಾನು ಮಷಿನ್ನಲ್ಲಿ ಮಾಡಿದೆ. ಅಮ್ಮನ ಕಾಲು ಮಷಿನ್, ಮದುವೆಗೆ ಕೊಟ್ಟಿದ್ದು. ಹೊಲಿಗೆಯಲ್ಲಿ ನಾನು ಕೆಡಲಿಲ್ಲ, ಹತ್ತಿಯಲ್ಲಿ ಕೆಟ್ಟೆ. ಶೀಟು ದುಬಾರಿ ಅಂತ ಹಾಸಿಗೆ ಮಾಡೋರ ಹತ್ತಿರ ಎರಡು ಕೆಜಿ ಬಿಡಿ ಹತ್ತಿ ತಂದೆ. ಹರಡಿ, ಮೇಲೆ ಅಸ್ತರು ಹಾಕಿ, ಹೂವಿನ ಸುತ್ತ ಮಾತ್ರ ಹೊಲಿದೆ. ನಡುವೆ ಒಂದೊಂದು ಗೇಣು ಖಾಲಿ. ಒಗೆದ ಮೇಲೆ ನೋಡಿದರೆ ಹತ್ತಿಯೆಲ್ಲ ಮೂಲೆಗೆ ಹೋಗಿ ರಾಗಿಮುದ್ದೆ ಮುದ್ದೆಯಾಗಿ ಕೂತಿದೆ. ಎತ್ತಿದರೆ ಒಂದು ಕಡೆ ಭಾರ, ಇನ್ನೊಂದು ಕಡೆ ಬರೀ ಬಟ್ಟೆ. ನಮ್ಮ ಅತ್ತೆ "ಈ ಮುದ್ದೆಗೆ ಸಾರು ಹಾಕಿದರೆ ಎಷ್ಟು ಜನ ಊಟಕ್ಕೆ ಕೂರಬಹುದು" ಅಂದರು. ಬಿಚ್ಚಿ ಎರಡೆರಡು ಇಂಚಿಗೆ ಗೆರೆ ಎಳೆದು ಮತ್ತೆ ಹೊಲಿದೆ. 9 ದಿನ. ಮೂರು ಸೂಜಿ ಮುರಿಯಿತು.

ಸೂಜಿಮಲ್ಲಿಗೆ:
ಕಣ್ಣು ಹೋದ ಮೇಲೆ ಗೊತ್ತಾಗುತ್ತೆ, ಯಾವ ದುಡ್ಡು ಯಾವ ಲೆಕ್ಕಕ್ಕೆ ಅಂತ. ಬಿಡಿ ಹತ್ತಿ ತುಂಬೋದು ದಿಂಬಿಗೆ, ಕೌದಿಗಲ್ಲ.

ಧಾರವಾಡದಾಕಿ, ಈಗ ಹೆಬ್ಬಾಳ:
ಇಬ್ಬರೂ ಕೌದಿ ಅಂತೀರಿ, ಇಬ್ಬರೂ ಹತ್ತಿ ತುಂಬತೀರಿ. ಕೌದಿಗೆ ಹತ್ತಿ ಯಾಕ್ರೀ? ಹಳೇ ಸೀರಿ, ಧೋತರ ಒಂದರ ಮ್ಯಾಲೆ ಒಂದು ಹಾಕಿದರ ಅದೇ ದಪ್ಪ. ನಮ್ಮವ್ವ ಒಂದು ಪೈಸೆ ಖರ್ಚು ಮಾಡಿದ್ದು ನಾ ನೋಡಿಲ್ಲ. ಹೊಸಾ ಬಟ್ಟಿ ತಂದು, ಕತ್ತರಿಸಿ, ಮತ್ತ ಹೊಲಿಯೋದು ನೋಡಿದರ ಹೊಟ್ಟಿ ಉರೀತದ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣ್ಣುಮಕ್ಕಳು ಮಾಡೋದು ನೋಡ್ರಿ. ಅಂಚಿನಿಂದ ಶುರು ಮಾಡಿ ಸುತ್ತು ಹಾಕಿಕೋತ ನಡುವಿಗೆ ಬರ್ತಾರ. ನಕ್ಷೆ ಇಲ್ಲ, ಪೆನ್ಸಿಲ್ ಇಲ್ಲ. ಕೊನೆಗೆ ನಾಲ್ಕೂ ಮೂಲಿಗೆ ಬಟ್ಟಿ ಮಡಚಿ ಮುಕ್ಕೋನ ಇಟ್ಟು ಹೊಲೀತಾರ. ಅದಕ್ಕ ಫೂಲಾ ಅಂತಾರ. ಹೂ ಅಂತ ಅರ್ಥ. ಅದಿಲ್ಲದಿದ್ದರ ಕೌದಿ ಮುಗಿದಿಲ್ಲ ಅಂತ ಲೆಕ್ಕ.

ಮದ್ದೂರು ಸೊಸೆ:
ಅಕ್ಕಾ, ಹಳೇ ಸೀರೆ ಎಲ್ಲಿದೆ ಈಗ? ಮನೇಲಿರೋದೆಲ್ಲ ಸಿಂಥೆಟಿಕ್. ಹೊದ್ದರೆ ಬೆವರು.

ಅರಿಶಿನದ ಕೈ:
ಯಾರೂ ಬಣ್ಣದ ವಿಷಯ ಹೇಳ್ತಿಲ್ಲ. ಹೂವಿನ ಕೌದಿಗೆ ಹೂವಿನ ಬಣ್ಣವೇ ಇರಬೇಕು ಅಂತ ನಾನು ಹಟ ಹಿಡಿದೆ. ಮೊದಲು ಅರಿಶಿನದಲ್ಲಿ ಅದ್ದಿದೆ, 3 ಮೀಟರ್ ಮಲ್ ಬಟ್ಟೆ. ಏನು ಹಳದಿ ಅಂತೀರಾ! ಮಗ ಗೊತ್ತಿಲ್ಲದೆ ಬಾರ್ ಸೋಪ್ ಹಾಕಿ ಉಜ್ಜಿದ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತೆ ಅಂತ ಆರತಿ ತಟ್ಟೆ ನೋಡಿದವರಿಗೆ ಗೊತ್ತಲ್ಲ, ಸೋಪಿಗೂ ಅದೇ ಆಯಿತು. ಕೆಂಪು ಕೆಂಪು ಮಚ್ಚೆ. ನಿಂಬೆರಸ ಹಾಕಿ ಹಳದಿಗೆ ತಂದೆ. ಆಮೇಲೆ ಬಿಸಿಲಿಗೆ ಹಾಕಿದೆ, ಹದಿನೈದು ದಿನಕ್ಕೆ ಹಳದಿಯೂ ಇಲ್ಲ.

ಆಯುಧಪೂಜೆ ಆದ ಮಾರನೇ ದಿನ ದೇವರಾಜ ಮಾರುಕಟ್ಟೆಯಲ್ಲಿ ಚೆಂಡುಹೂವನ್ನ ಸುರಿದುಬಿಡ್ತಾರೆ. 4 ಕೆಜಿ ತಂದೆ, 60 ರೂಪಾಯಿ. ಬಟ್ಟೆಯನ್ನ ಅಳಲೆಕಾಯಿ ನೀರಲ್ಲಿ, ಆಮೇಲೆ ಸ್ಫಟಿಕದ (ಆಲಂ) ನೀರಲ್ಲಿ ನೆನೆಸಿ, ಹೂವಿನ ಜೊತೆ ಕುದಿಸಿದೆ. ಈ ಹಳದಿ ನಿಂತಿದೆ. ತುಕ್ಕು ಹಿಡಿದ ಮೊಳೆ ಹಾಕಿಟ್ಟ ನೀರಲ್ಲಿ ಅದೇ ಬಟ್ಟೆ ಅದ್ದಿದರೆ ಎಲೆಗೆ ಬೇಕಾದ ಮಂಕು ಹಸಿರು. ಮನೆಯಲ್ಲಿ ಎರಡು ಪಾತ್ರೆ ಹಾಳಾಯಿತು. ಒಂದು ಅತ್ತೆಯವರ ಹಿತ್ತಾಳೆ ಹಂಡೆ. ಆ ಕಥೆ ಇಲ್ಲಿ ಬೇಡ.

ಕರಿಘಟ್ಟ ಸುತ್ತುವವನು:
ಹೊಲಿಗೆ ನನಗೆ ಬರಲ್ಲ. ಹೆಂಡತಿ ಮಾಡಿದ್ದನ್ನ ಹಾಳು ಮಾಡಿದ ಅನುಭವ ಮಾತ್ರ ಇದೆ. ಅವಳೂ ಅರಿಜೋನಾ ಫೋಟೊ ನೋಡಿಯೇ ಮಾಡಿದಳು. ಪಾಪಿ ಹೂ ನಡುವೆ ದೊಡ್ಡ ಸವಾರೊ ಕಳ್ಳಿ, ಅದರ ತಲೆ ಮೇಲೆ ಬಿಳಿ ಹೂ, ಮೇಲೆ ಚಂದ್ರ. ನಾನು ಸುಮ್ನೆ ಇರಲಾರದೆ ಹೇಳಿದೆ: ಸವಾರೊ ಹೂ ಬಿಡೋದು ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಆ ಹೊತ್ತಿಗೆ ಹೆಚ್ಚಿನ ಪಾಪಿ ಒಣಗಿರುತ್ತೆ. ಕಳ್ಳಿ ಹೂ ರಾತ್ರಿ ಅರಳುತ್ತೆ. ಪಾಪಿ ರಾತ್ರಿ ಮುಚ್ಚಿಕೊಳ್ಳುತ್ತೆ, ಮೋಡವಿದ್ದರೂ ಮುಚ್ಚಿಕೊಳ್ಳುತ್ತೆ. ರಾತ್ರಿ ಚಂದ್ರನ ಕೆಳಗೆ ಎರಡೂ ಒಟ್ಟಿಗೆ ಅರಳಿರೋಕೆ ಸಾಧ್ಯವೇ ಇಲ್ಲ. ಅವಳು ಕತ್ತರಿ ತಗೊಂಡು ಚಂದ್ರನನ್ನ ಬಿಚ್ಚಿ ಮೇಜಿನ ಮೇಲಿಟ್ಟಳು. ಎರಡು ದಿನ ಮಾತಿಲ್ಲ.

ಅಂದಹಾಗೆ ಮರುಭೂಮಿ ಗಿಡ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಬೇಲಿಯ ಪಾಪಾಸುಕಳ್ಳಿ ಅಮೆರಿಕ ಖಂಡದಿಂದಲೇ ಬಂದಿದ್ದು. ಕೆಂಪು ಬಣ್ಣ ಕೊಡೋ ಹುಳ ಸಾಕೋಕೆ ಅಂತ ಬ್ರಿಟಿಷರ ಕಾಲದಲ್ಲಿ ತಂದರು.

ಧಾರವಾಡದಾಕಿ, ಈಗ ಹೆಬ್ಬಾಳ:
ಪಾಪ ನಿಮ್ಮ ಹೆಂಡತಿ. ಕೌದಿ ಮ್ಯಾಲಿನ ಚಂದ್ರಗೂ ಪಂಚಾಂಗ ನೋಡಬೇಕೇನ್ರಿ?

ಸೂಜಿಮಲ್ಲಿಗೆ:
ಕತ್ತರಿ ಅಂದ ಕೂಡಲೇ ನೆನಪಾಯಿತು. 850 ರೂಪಾಯಿ ಕೊಟ್ಟು ತಂದ ಬಟ್ಟೆ ಕತ್ತರಿಯಲ್ಲಿ ಯಜಮಾನರು ಹಾಲಿನ ಪ್ಯಾಕೆಟ್ ಕತ್ತರಿಸಿದರು. ಅವತ್ತಿಂದ ಮಲ್ ಬಟ್ಟೆ ಮಡಚಿಕೊಳ್ಳುತ್ತೆ, ಕತ್ತರಿಸಲ್ಲ. ಸಾಣೆ ಹಿಡಿಸಿದ್ದು ಎರಡು ಸಲ, 80 ರೂಪಾಯಿ. ಅದು ಮೇಲಿನ ಲೆಕ್ಕದಲ್ಲಿ ಇಲ್ಲ.

ಮದ್ದೂರು ಸೊಸೆ:
ಕನ್ನಡಕ ಇತ್ತು, ಕತ್ತರಿ ಇಲ್ಲ. ಸರಿ ಬಿಡಿ.

ಸರಸ್ವತಿಪುರಂ ಅಜ್ಜಿ:
ಎಲ್ಲರಿಗೂ ಧನ್ಯವಾದ. ಕೈಯಲ್ಲೋ ಮಷಿನ್ನಲ್ಲೋ ಇನ್ನೂ ಗೊತ್ತಾಗಲಿಲ್ಲ. ಆದರೆ ಕಾಯೋಕೆ ಆಗದೆ ಶಿವರಾಂಪೇಟೆಯಿಂದ ಕಿತ್ತಳೆ ಬಣ್ಣದ ಕೇಂಬ್ರಿಕ್ ತಂದೆ. ನೀರು ತಿಳಿಯಾಗೋವರೆಗೂ ಒಗೆದೆ, ಆರು ಸಲ ಆಯಿತು. 24 ಹೂವಿಗೆ ಐದೈದು ಎಸಳಿನಂತೆ 120 ಎಸಳು ಕತ್ತರಿಸಿಟ್ಟಿದ್ದೇನೆ.

ಕರಿಘಟ್ಟ ಸುತ್ತುವವನು:
ಅಮ್ಮಾ, ಆ ಪಾಪಿಗೆ ನಾಲ್ಕೇ ಎಸಳು.

ಅರಿಶಿನದ ಕೈ:
ಶುರುವಾಯಿತು ನೋಡಿ.

ಸರಸ್ವತಿಪುರಂ ಅಜ್ಜಿ:
ಫೋಟೊ ತೆಗೆದು ನೋಡಿದೆ, ನಾಲ್ಕೇ ಇದೆ. ಲೆಕ್ಕ ಹಾಕಿದೆ, 30 ಹೂ ಆಗುತ್ತೆ. ಕೌದಿಯನ್ನೇ ಸ್ವಲ್ಪ ದೊಡ್ಡದು ಮಾಡಿಬಿಡ್ತೀನಿ.

ಮದ್ದೂರು ಸೊಸೆ:
ದೊಡ್ಡದು ಮಾಡೋ ಮುಂಚೆ ಒಳಗಿನ ಹತ್ತಿ ಶೀಟು ಎಷ್ಟಗಲ ಸಿಗುತ್ತೆ ಅಂತ ಕೇಳಿಕೊಳ್ಳಿ ಅಜ್ಜಿ. ಎರಡನೇ ಕೌದಿಗೆ ನಾನು ಶೀಟೇ ತಂದಿದ್ದೆ. ಆರು ಇಂಚು ಕಮ್ಮಿ ಬಿತ್ತು. ಜೋಡಿಸಿ ಹೊಲಿದೆ. ಆ ಜಾಗ ಈಗಲೂ ಕೈಗೆ ತಗಲುತ್ತೆ.