ರಸೀದಿ ಬೇರೆ, ಬಿಲ್ಲು ಬೇರೆ: ಅಂಗಡಿಯಲ್ಲಿ ಯಾವುದನ್ನು ಕೇಳಬೇಕು?

ಪ್ರಶ್ನೆ: ಸರ್, 8,400 ರೂಪಾಯಿಯ ಗ್ರೈಂಡರ್ ತಗೊಂಡು "ರಸೀದಿ ಕೊಡಿ" ಅಂದರೆ, ಅಂಗಡಿಯವರು ಮೇಲೆ "ಎಸ್ಟಿಮೇಟ್" ಅಂತ ಅಚ್ಚಾಗಿರುವ ಚೀಟಿ ಕೊಟ್ಟಿದ್ದಾರೆ. ವಾರಂಟಿಗೆ ಇದು ನಡೆಯುತ್ತದಾ? ರಸೀದಿ, ಬಿಲ್ಲು ಎರಡೂ ಒಂದೇನಾ?

ಉತ್ತರ (ತೆರಿಗೆ ಸಲಹೆಗಾರ): ಒಂದೇ ಅಲ್ಲ. ರಸೀದಿ ಪಾರಸಿಯಿಂದ ಬಂದ ಮಾತು. ಅಲ್ಲಿ "ರಸೀದ್" ಅಂದರೆ "ತಲುಪಿತು". ಆ ಅರ್ಥ ಇನ್ನೂ ಸವೆದಿಲ್ಲ. ಹಣ ಕೈಸೇರಿತು ಎಂದು ಪಡೆದವರು ಬರೆದುಕೊಡುವುದೇ ರಸೀದಿ. ಅದಕ್ಕೇ ಕಂದಾಯಕ್ಕೆ, ದೇವಸ್ಥಾನದ ಸೇವೆಗೆ, ಗಣೇಶನ ಚಂದಾಕ್ಕೆ ರಸೀದಿ ಹರಿಯುತ್ತಾರೆ, ಬಿಲ್ಲು ಹರಿಯುವುದಿಲ್ಲ. ಕರೆಂಟಿನ ಲೆಕ್ಕ ನೋಡಿ: ಮೊದಲು ಬರುವುದು ಬಿಲ್ಲು, ಕಟ್ಟಿದ ಮೇಲೆ ಸಿಗುವುದು ರಸೀದಿ. ಅಂಗಡಿಯಲ್ಲಿ ಮಾತ್ರ ಎರಡು ಕೆಲಸವನ್ನೂ ಒಂದೇ ಹಾಳೆ ಮಾಡುತ್ತದೆ, ಗೊಂದಲ ಹುಟ್ಟುವುದು ಅಲ್ಲೇ. (ಮಹಾರಾಷ್ಟ್ರದ ಗಡಿಯಲ್ಲಿ ವ್ಯವಹಾರ ಮಾಡುವವರಿಗೆ ಇನ್ನೊಂದು ತೊಡಕು: ಮರಾಠಿಯ "ಪಾವತಿ" ಅಂದರೆ ರಸೀದಿ, ನಮ್ಮ "ಪಾವತಿ" ಹಣ ಕಟ್ಟುವುದು.)

ಇನ್ನು ನಿಮ್ಮ ಚೀಟಿ. ಎಸ್ಟಿಮೇಟ್ ಅಂದರೆ ಅಂದಾಜು. ಮಾರಾಟ ನಡೆಯಿತು ಅಂತಲೂ ಅದು ಹೇಳುವುದಿಲ್ಲ, ಹಣ ಬಂತು ಅಂತಲೂ ಹೇಳುವುದಿಲ್ಲ. ವಾರಂಟಿಗೆ ಬೇಕಾದದ್ದು ತೆರಿಗೆಯ ವಿವರವಿರುವ ಬಿಲ್ಲು, ಅಂದರೆ ಟ್ಯಾಕ್ಸ್ ಇನ್‌ವಾಯ್ಸ್. ಅದರಲ್ಲಿ ಅಂಗಡಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಸಿಜಿಎಸ್‌ಟಿ ಎಷ್ಟು, ಎಸ್‌ಜಿಎಸ್‌ಟಿ ಎಷ್ಟು (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು) ಎಂಬುದು ಇರಬೇಕು. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿ ಇರುತ್ತವೆ. ಕರ್ನಾಟಕದ್ದಾದರೆ 29ರಿಂದ ಶುರು, ಮುಂದಿನ ಹತ್ತು ಅವರ ಪ್ಯಾನ್. ಜೊತೆಗೆ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ, ವಾರಂಟಿ ಎಡವುವುದು ಹೆಚ್ಚಾಗಿ ಇಲ್ಲೇ. ಗ್ರೈಂಡರಿನ ಮೇಲಿರುವ ಸ್ಟಿಕರನ್ನೂ ಬಿಲ್ಲನ್ನೂ ಅಂಗಡಿಯಲ್ಲೇ ತಾಳೆ ನೋಡಿ. ಕೈಬರಹದಲ್ಲಿ 1 ಮತ್ತು 7 ಅದಲುಬದಲಾದರೂ ಸಾಕು, ಸರ್ವಿಸ್ ಸೆಂಟರಿನಲ್ಲಿ ತಕರಾರು ಶುರು.

ಕೆಲವು ಸಣ್ಣ ಅಂಗಡಿಯವರು "ಬಿಲ್ ಆಫ್ ಸಪ್ಲೈ" ಕೊಡುತ್ತಾರೆ. ಅವರು ಕಾಂಪೊಸಿಷನ್ ಸ್ಕೀಮಿನಲ್ಲಿರುವವರು, ಅಂದರೆ ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡದೆ ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವವರು. ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ, ಆದರೂ ಅದು ಸರಿಯಾದ ಬಿಲ್ಲೇ. ಅದರಲ್ಲಿ ಜಿಎಸ್‌ಟಿ ಅಂತ ಬೇರೆ ಸೇರಿಸಿದ್ದರೆ ಮಾತ್ರ ತಪ್ಪು.

ಪ್ರಶ್ನೆ: ಯುಪಿಐನಲ್ಲಿ ಹಣ ಹಾಕಿದ ಸ್ಕ್ರೀನ್‌ಶಾಟ್ ಇದೆ. ಅದು ಸಾಲದಾ? ಈಗ ಬಿಲ್ಲು ಕೇಳಿದರೆ "ಕೊಡಲ್ಲ" ಅಂದರೆ?

ಉತ್ತರ (ಗ್ರಾಹಕ ಪ್ರಕರಣಗಳ ವಕೀಲೆ): ಸ್ಕ್ರೀನ್‌ಶಾಟ್ ಹೇಳುವುದು 8,400 ಯಾರ ಖಾತೆಗೆ ಹೋಯಿತು ಅಂತ ಮಾತ್ರ. ಅದು ಗ್ರೈಂಡರಿಗೋ ಹಳೇ ಬಾಕಿಗೋ ಅದಕ್ಕೆ ಗೊತ್ತಿಲ್ಲ. ಆದರೆ ಚೀಟಿಯ ತಾರೀಕು, ಮೊತ್ತ ಅದರೊಂದಿಗೆ ಹೊಂದಿದರೆ ಎರಡೂ ಸೇರಿ ಒಳ್ಳೆಯ ಸಾಕ್ಷ್ಯ. ಎಸೆಯಬೇಡಿ, 12 ಅಂಕಿಯ ಯುಟಿಆರ್ ನಂಬರನ್ನೂ (ಆ ಪಾವತಿಯ ಗುರುತಿನ ಸಂಖ್ಯೆ) ಬರೆದಿಡಿ. ಬಿಲ್ಲು ಕೊಡದಿರುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಮೊದಲು ವಾಟ್ಸ್ಆ್ಯಪ್‌ನಲ್ಲಿ ಬರೆದು ಕೇಳಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಆಮೇಲೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

"ಮಾರಿದ ಸರಕು ವಾಪಸ್ ಪಡೆಯುವುದಿಲ್ಲ" ಎಂಬ ಸಾಲಿಗೂ ಹೆದರಬೇಡಿ. ವಸ್ತುವಿನಲ್ಲಿ ದೋಷವಿದ್ದರೆ, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಬೇಕು. ಬಣ್ಣ ಹಿಡಿಸಲಿಲ್ಲ ಅಂತ ಹೋದರೆ ಈ ಮಾತು ಅನ್ವಯಿಸದು.

ಪ್ರಶ್ನೆ: ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಿದರೆ ಬಿಲ್ಲು ಪೂರ್ತಿ ಕಪ್ಪಾಯಿತು!

ಉತ್ತರ (ತೆರಿಗೆ ಸಲಹೆಗಾರ): ಅದು ಥರ್ಮಲ್ ಕಾಗದ. ಅದರಲ್ಲಿ ಇಂಕಿಲ್ಲ, ಬಿಸಿ ತಾಗಿದಲ್ಲಿ ಮೇಲಿನ ಲೇಪನ ಕಪ್ಪಾಗಿ ಅಕ್ಷರ ಮೂಡುತ್ತದೆ. ಲ್ಯಾಮಿನೇಷನ್ ಯಂತ್ರ ಇಡೀ ಹಾಳೆಗೇ ಬಿಸಿ ಕೊಡುತ್ತದೆ. ಉಗುರಿನಿಂದ ಅಂಚನ್ನು ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಬಿದ್ದರೆ ಥರ್ಮಲ್. ಪ್ಲಾಸ್ಟಿಕ್ ಕವರು, ಎಣ್ಣೆಕೈ, ಸ್ಯಾನಿಟೈಸರ್ ಕೂಡ ಅದಕ್ಕೆ ಆಗದು. ಅವತ್ತೇ ಜೆರಾಕ್ಸ್ ಮಾಡಿಸಿ, ನಾಲ್ಕೂ ಮೂಲೆ ಕಾಣುವಂತೆ ಫೋಟೊ ತೆಗೆದಿಡಿ. ಬಿಲ್ ನಂಬರ್, ತಾರೀಕು ಗೊತ್ತಿದ್ದರೆ ಅಂಗಡಿಯವರು ಕಂಪ್ಯೂಟರಿನಿಂದ ಇನ್ನೊಂದು ಪ್ರತಿ ತೆಗೆದುಕೊಡಬಹುದು.

ಪ್ರಶ್ನೆ: ಬಾಡಿಗೆ ರಸೀದಿಗೆ ಸ್ಟಾಂಪು ಬೇಕಾ? ಒಕ್ಕಣೆ ಹೇಗಿರಬೇಕು?

ಉತ್ತರ (ತೆರಿಗೆ ಸಲಹೆಗಾರ): 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬರಲಿ. ಹಾಗಾದರೆ ಸ್ಟಾಂಪನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲಾಗದು. ಒಕ್ಕಣೆ: "ಶ್ರೀ ... ಅವರಿಂದ ಜೂನ್ ತಿಂಗಳ ಮನೆ ಬಾಡಿಗೆ ರೂ. 12,000 (ಹನ್ನೆರಡು ಸಾವಿರ ರೂಪಾಯಿ ಮಾತ್ರ) ನಗದಾಗಿ ಪಡೆದಿರುತ್ತೇನೆ." ಕೆಳಗೆ ಮನೆಯ ವಿಳಾಸ, ತಾರೀಕು. ಕೆಲವರು "ಬಾಡಿಗೆ ರೂ. 12,000" ಅಂತಷ್ಟೇ ಬರೆದು ಸಹಿ ಹಾಕುತ್ತಾರೆ. "ಪಡೆದಿರುತ್ತೇನೆ" ಇಲ್ಲದಿದ್ದರೆ ಅದು ಬಾಡಿಗೆ ಕೊಡಿ ಅಂತ ಕೇಳುವ ಚೀಟಿಯೂ ಆಗಬಹುದು.