ಸಹಾಯ ಬೇಕು: ಮಲೆನಾಡಿನ ಮನೆಗೆ ಯಾವ ಫೋನ್, ಯಾವ ಸಿಮ್?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪ, ಅಮ್ಮ ಇಬ್ಬರೇ ಇರುವುದು. ಅಪ್ಪನಿಗೆ ಹೊಸ ಫೋನ್ ಕೊಡಿಸಬೇಕು, ಹಾಗೇ ಸಿಮ್ಮೂ ಬದಲಿಸೋಣ ಅಂತಿದ್ದೇನೆ, ಯಾಕಂದ್ರೆ ಈಗಿರುವ ಕಂಪನಿಯ ಸಿಗ್ನಲ್ ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ತಾನೂ ಹೊರಟುಹೋಗುತ್ತದೆ.

ಬಜೆಟ್ 15,000 ರೂಪಾಯಿ ಒಳಗೆ. ಬ್ಯಾಟರಿ 5,000 ಎಂಎಎಚ್‌ಗಿಂತ ಕಡಿಮೆ ಬೇಡ. ಕ್ಯಾಮೆರಾ ಹೇಗಿದ್ದರೂ ನಡೆಯುತ್ತದೆ, ವಾಟ್ಸಾಪಿನಲ್ಲಿ ಮೊಮ್ಮಗಳ ಮುಖ ಕಂಡರೆ ಸಾಕು.

ಗೊಂದಲ ಇರುವುದು ಸಿಮ್ ವಿಷಯದಲ್ಲಿ. ಜಿಯೋಗೆ 2ಜಿ, 3ಜಿ ಇಲ್ಲ, 4ಜಿ ಸಿಗದ ಜಾಗದಲ್ಲಿ ಕಾಲ್ ಕೂಡ ಹೋಗುವುದಿಲ್ಲ. ಬಿಎಸ್ಎನ್ಎಲ್ 4ಜಿ 700 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಕಾಡು ಗುಡ್ಡದ ಕಡೆಗೆ ಅದೇ ವಾಸಿ, ಆದರೆ ಫೋನಿನಲ್ಲಿ ಬ್ಯಾಂಡ್ 28 (ಆ 700 ಮೆಗಾಹರ್ಟ್ಸ್ ಸಿಗ್ನಲ್ ಹಿಡಿಯುವ ಸೌಲಭ್ಯ) ಇರಬೇಕು. ಅಂಗಡಿಯಲ್ಲಿ ಇದನ್ನು ಕೇಳಿದರೆ 'ಸಾರ್, 5ಜಿ ಇದೆ, ಎಲ್ಲಾ ಬರುತ್ತೆ' ಅಂತಾರೆ! ಮನೆಗೆ ಫೈಬರ್ ಇದೆ, ಹಾಗಾಗಿ ವೈಫೈ ಕಾಲಿಂಗ್ (ಟವರ್ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಕಾಲ್ ಹೋಗುವುದು) ಇರುವ ಏರ್‌ಟೆಲ್ ತಗೊಂಡು, ರೂಟರನ್ನು ಇನ್ವರ್ಟರಿಗೆ ಹಾಕಿಬಿಡಲಾ?

ಒಮ್ಮೆ ಪೋರ್ಟ್ ಮಾಡಿದರೆ (ಅದೇ ನಂಬರಿನಲ್ಲಿ ಕಂಪನಿ ಬದಲಿಸಿದರೆ) 90 ದಿನ ಮತ್ತೆ ಬದಲಿಸುವ ಹಾಗಿಲ್ಲ, ಅದಕ್ಕೇ ಮೊದಲೇ ಕೇಳುತ್ತಿರುವುದು. ಮೇಗರವಳ್ಳಿ, ಆಗುಂಬೆ ಕಡೆಯವರು ಇದ್ದರೆ ಜುಲೈ ತಿಂಗಳಲ್ಲಿ ನಿಮ್ಮ ಮನೆಯೊಳಗೆ ಯಾವ ಸಿಮ್ ನಡೆಯುತ್ತದೆ ಹೇಳಿ. ಬ್ಯಾಂಡ್ 28 ಇರುವ ಫೋನ್ ಬಳಸುತ್ತಿದ್ದರೆ ಮಾಡೆಲ್ ಹೆಸರೂ ಹಾಕಿ. ಬೆಂಗಳೂರಿನ ಸ್ಪೀಡ್ ಟೆಸ್ಟ್ ಮಾತ್ರ ಬೇಡ, ದಯವಿಟ್ಟು.